ಚಿಗುರಿದ ಕಂಬಗಳು

ಹಸಿ ಹಾಲುವಾಣ ಮರದ ಕಂಬ ನೆಟ್ಟರೆ ಚಿಗುರುತ್ತದೆ ಎಂಬುದು ಬಾಳೂರಿನಲ್ಲಿ ಹಸುಗೂಸಿಗೂ ಗೊತ್ತು. ಆದರೂ ನೆಟ್ಟವನು ನಾನು, ಮೇಸ್ತ್ರಿ ತಯ್ಯಬ್. ಕಾಫಿ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ನಡೆದಿತ್ತು, ಕಂಬ ಕೈಗೇ ಸಿಕ್ಕವು, ಮಳೆಗೆ ಮುಂಚೆ ತಡೆಗೋಡೆ ಏಳುತ್ತದೆಂಬ ಧೈರ್ಯ ಬೇರೆ. ದೇವರಾಜ ಗೌಡರ ಹೋಂಸ್ಟೇಗೆ ಗುಡ್ಡ ಕಡಿದು, ಕಡಿದ ಮಣ್ಣಿನ ಧರೆ ಜಾರದಂತೆ ಹಲಗೆ ಒತ್ತಿ, ಮುಂದೆ ಆ ಕಂಬಗಳನ್ನು ಹೂತೆವು. ಅಷ್ಟರಲ್ಲಿ ಮಳೆ ಹಿಡಿದು ಕೆಲಸ ನಿಂತಿತು.

ಮಳೆ ಬಿಟ್ಟ ಮೇಲೆ ಬಂದು ನೋಡಿದರೆ ಕಂಬದ ತುಂಬ ಎಲೆ! ಬೇರು ಬಿಟ್ಟ ಕಂಬವನ್ನು ಒಳಗಿಟ್ಟೇ ಕಾಂಕ್ರೀಟ್ ಸುರಿದರೆ ಮುಂದೆ ಅದು ಕೊಳೆತು ಗೋಡೆ ಟೊಳ್ಳಾಗುತ್ತದೆ. ಎಲ್ಲ ಒಟ್ಟಿಗೆ ಕಿತ್ತರೆ ಧರೆ ಕುಸಿಯುತ್ತದೆ. ಧರೆಯ ಮೇಲಂಚಿನಲ್ಲೇ, ಒಬ್ಬರೇ ಇರುವ ಮುದುಕಿ ಕಲ್ಲಮ್ಮನವರ ಅಡಿಗೆಮನೆ.

ಉಳಿದದ್ದು ಒಂದೇ ದಾರಿ. ಎರಡು ಕಂಬ ಕೀಳುವುದು, ಅಷ್ಟಗಲಕ್ಕೆ ಕಬ್ಬಿಣ ಕಟ್ಟಿ, ಮುಂದಿನಿಂದ ಅಚ್ಚಿಗೆ ತಗಡಿನ ಶೀಟು ಮುಚ್ಚಿ, ಹಿಂದಿನ ಹಲಗೆಗೇ ಒತ್ತಿ ಕಾಂಕ್ರೀಟ್ ತುಂಬುವುದು. ಅದು ಗಟ್ಟಿಯಾದ ಮೇಲೆ ಪಕ್ಕದ ಎರಡು.

"ಗೋಡೆ ಮುಗಿಯೋ ತನಕ ಮಗಳ ಮನೇಲಿ ಇರಿ ಅಮ್ಮಾ," ಎಂದೆ.

ಕಲ್ಲಮ್ಮ ಒಲೆ ಊದುತ್ತಾ ತಿರುಗಿಯೂ ನೋಡಲಿಲ್ಲ. "ನಾನು ಹೋದ್ರೆ ನೀನು ಅವಸರ ಮಾಡ್ತೀಯ ಮಾರಾಯ. ಇಲ್ಲೇ ಇರ್ತೀನಿ."

"ಧರೆ ಬಿದ್ರೆ?"

"ಬೀಳದ ಹಾಗೆ ಕೆಲಸ ಮಾಡು."

ಮೈ ಉರಿದುಹೋಯಿತು. ಇದೆಂಥ ಹಟ! ಕೆಳಗಿಳಿದು ಸಿಟ್ಟನ್ನೆಲ್ಲ ಕೆಲಸದವರ ಮೇಲೆ ತೀರಿಸಿಕೊಂಡೆ. ಆದರೆ ಕಂಬಕ್ಕೆ ಕೈ ಹಾಕಿದಾಗೆಲ್ಲ ಮೇಲಿನಿಂದ ಪಾತ್ರೆಯ ಸದ್ದು ಕೇಳುತ್ತಿತ್ತು. ಕೈ ತಾನಾಗಿ ಮೆಲ್ಲಗಾಗುತ್ತಿತ್ತು.

ಗೌಡರು ಜೀಪಿನಲ್ಲಿ ಬಂದರು. "ಎಂಥ ಮಾರಾಯ ಇದು, ಕ್ರಿಸ್‌ಮಸ್ ರಜಕ್ಕೆ ಜನ ಬರ್ತಾರೆ. ಎಲ್ಲ ಒಂದೇ ಸಲ ಕಿತ್ತು ಹಾಕು."

"ಮೇಲೆ ಅಮ್ಮ ಇದ್ದಾರೆ ಗೌಡ್ರೆ. ನನ್ನಿಂದಾಗಲ್ಲ," ಎಂದೆ. ಸುಳ್ಳೇಕೆ, ಆಕೆ ಇಲ್ಲದಿದ್ದರೆ ಕಿತ್ತೇಬಿಡುತ್ತಿದ್ದೆ.

ಕೊನೆಯ ಶೀಟು ಬಿಚ್ಚಿದ ದಿನ ಮೇಲೆ ಹೋದೆ. "ಮುಗೀತು ಅಮ್ಮಾ. ಇನ್ನು ನಿಮ್ಮ ಮನೆಗೆ ಏನೂ ಆಗಲ್ಲ."

ಕಲ್ಲಮ್ಮ ಕಾಫಿ ಕೊಟ್ಟರು. ಆಮೇಲೆ ಬಾಗಿಲ ಪಕ್ಕದಲ್ಲಿದ್ದ ಗಂಟನ್ನು ತಂದು ಬಿಚ್ಚತೊಡಗಿದರು. ಸೀರೆ, ಗಂಡನ ಫೋಟೋ, ಮಾತ್ರೆಯ ಡಬ್ಬಿ.

"ಇದೇನಮ್ಮಾ?"

"ಓಡೋಕೆ ಅಂತ ಕಟ್ಟಿಟ್ಟಿದ್ದೆ. ನೀನು ಕಂಬ ಕೀಳೋಕೆ ಶುರು ಮಾಡಿದ ಮೇಲೆ ಇಲ್ಲಿ ಒಂದು ದಿನವೂ ನೆಮ್ಮದಿಯಾಗಿ ಅಡಿಗೆ ಮಾಡಿಲ್ಲ. ಹೆದರಿ ಹೊಸ್ತಿಲಲ್ಲೇ ಕೂತಿರ್ತಿದ್ದೆ."

"ಮತ್ತೆ ಆ ಪಾತ್ರೆ ಸದ್ದು?"

"ಖಾಲಿ ಪಾತ್ರೆ ಬಡೀತಿದ್ದೆ. ನಾನು ಇದೀನಿ ಅಂತ ನಿಂಗೆ ಗೊತ್ತಾಗ್ಬೇಕಲ್ಲ."