ಕೆಟ್ಟ ಟ್ಯೂಬಲೈಟು

ರಬಕವಿಯ ಶಂಕ್ರೆವ್ವ ಮನೆಯೊಳಗೆ ಬಂದ ಸಾಮಾನನ್ನು ಸುಮ್ಮನೆ ಹೊರಗೆ ಹಾಕುವ ಹೆಂಗಸಲ್ಲ. ಟ್ಯೂಬಲೈಟು ಉರಿಯದಿದ್ದರೇನು, ನುಣ್ಣನೆಯ ಕೋಲಂತೂ ಹೌದಲ್ಲ! ಬಣ್ಣ ಹಾಕಿದ ನೂಲಿನ ಲಡಿಗಳನ್ನು ಬಿದಿರಿನ ಗಳಕ್ಕೆ ಹಾಕಿದರೆ ಸಿಬಿರಿಗೆ ಸಿಕ್ಕು ಎಳೆ ಹರಿಯುತ್ತಿತ್ತು. ಗಾಜಿನ ಮೇಲೆ ಆ ಕಾಟವಿಲ್ಲ. ಹಾಗೆಂದೇ ಕೆಟ್ಟದ್ದೊಂದನ್ನು ಮಗ್ಗದ ಮುಂದೆ ಜಂತಿಗೆ ತೂಗುಹಾಕಿದ್ದಳು. ಉಳಿದವನ್ನು ಕದದ ಹಿಂದೆ ಜೋಪಾನ ಮಾಡಿದ್ದಳು.

"ಯಕ್ಕಾ, ಅವನ್ನ ನನಗ ಕೊಡ್ರಿ," ಎಂದು ವೈರಿಂಗಿನ ಸಾಬಣ್ಣ ಬಂದಾಗಲೆಲ್ಲ ಕೇಳುತ್ತಿದ್ದ. "ಒಳಗ ಪಾದರಸ ಇರತೈತಿ, ಒಡದರ ಛಲೋ ಅಲ್ಲ. ಜಮಖಂಡಿ ಅಂಗಡ್ಯಾಗ ಹಳೇವನ್ನ ಇಸಗೊಂಡು ಕಂಪನಿಗೆ ಕಳಸ್ತಾರ."

"ಹೌದಪಾ, ನನ್ನ ಟ್ಯೂಬ ಮಾರಿ ನೀ ಚಾ ಕುಡಿಯಾಂವ," ಎಂದು ಅವಳು ನಗುತ್ತಿದ್ದಳು.

ಅವತ್ತು ಹೊರಗೆ ತುಂತುರು ಮಳೆ. ಹಸಿ ಲಡಿಗಳನ್ನೇ ತಂದು ಟ್ಯೂಬಿಗೆ ಹಾಕಿ, ನೆಲದಲ್ಲಿ ತೋಡಿದ ಮಗ್ಗದ ಕುಣಿಯಲ್ಲಿ ಬರಿಗಾಲಿಳಿಸಿ ನೇಯಲು ಕೂತಳು. ಎದುರಿನ ಗೋಡೆಯ ಬದಿಗೆ, ಹಿತ್ತಲ ಬಾಗಿಲ ಹತ್ತಿರ, ಕೌದಿಯ ಮೇಲೆ ಮೊಮ್ಮಗಳು ಆಡುತ್ತಿತ್ತು. ನೀರುಂಡ ನೂಲಿನ ಭಾರ ತಾಳದೆ ಟ್ಯೂಬು ಫಟ್ಟನೆ ಒಡೆಯಿತು. ಮಗ್ಗಕ್ಕೂ ಕೌದಿಗೂ ನಡುವೆ ನೆಲದ ತುಂಬ ಚೂರು, ಬಿಳಿ ಪುಡಿ. ಒಂದಿಷ್ಟು ಕುಣಿಯೊಳಗೂ ಬಿತ್ತು.

ಶಂಕ್ರೆವ್ವನ ಕೈ ನಿಂತಿತು. ಅಲ್ಲೇ ಆದದ್ದು ಪಜೀತಿ. ಮಗ್ಗ ನಿಂತರೆ ಅಜ್ಜಿ ಎತ್ತಿಕೊಳ್ಳುತ್ತಾಳೆಂದು ಕೂಸಿಗೆ ರೂಢಿ. ಅದು ಕೌದಿ ಬಿಟ್ಟು ಅಂಬೆಗಾಲಿಡುತ್ತ ಗಾಜಿನ ಕಡೆಗೆ ಕೈ ಮುಂದಿಟ್ಟಿತು.

ತಾನು ಕುಣಿಯಿಂದೇಳುವುದರೊಳಗೆ ಅದು ಗಾಜಿನ ಮೇಲಿರುತ್ತದೆ. ಲಾಳಿ ಎಳೆದಳು, ಕಾಲಡಿಯ ಹಲಗೆ ತುಳಿದಳು. ಹಲಗೆಯ ಮೇಲೂ ಚೂರುಗಳಿದ್ದವು. ಟಕ್‌ ಟಕ್‌ ಶುರುವಾಯಿತು. ಕೂಸು ಹಿಂದೆ ಸರಿದು ಕೂತಿತು.

"ಶೇವಂತಿ," ಎಂದು ಅಡಿಗೆಮನೆಯಲ್ಲಿದ್ದ ಸೊಸೆಯನ್ನು ದನಿ ಏರಿಸದೆ ಕರೆದಳು. "ಹಿತ್ತಲ ಬಾಗಲಲೆ ಬಾ. ಕಾಲಾಗ ಚಪ್ಪಲಿ ಹಾಕ್ಕೊ. ಕೂಸಿನ್ನ ಎತ್ಕೊ ಬೇ."

"ಯಾಕ್ರಿ ಅತ್ತಿ?"

"ಕೇಳಬ್ಯಾಡ. ಬಾ."

ಒಂದೊಂದು ತುಳಿತಕ್ಕೂ ಪಾದ ಸೀಳುತ್ತಿತ್ತು. ನೆತ್ತರಿಗೆ ಹಲಗೆ ಜಾರತೊಡಗಿತು. ದೇವರೇ, ಅದರ ಕೈ ಒಂದು ಉಳಿಸು ಎಂದುಕೊಳ್ಳುತ್ತ ನೇದಳು. ಸೊಸೆ ಬಂದು ಕೂಸನ್ನು ಬಗಲಿಗೇರಿಸಿಕೊಂಡು ಹೊರಗೆ ಹೋದ ಮೇಲೆಯೇ ಮಗ್ಗ ನಿಂತಿತು.

ಸುದ್ದಿ ಕೇಳಿ ಓಡಿಬಂದ ಸಾಬಣ್ಣ ಕಸಬರಿಗೆ ಹಿಡಿದ ಶೇವಂತಿಯನ್ನು ತಡೆದ. "ಪುಡಿ ಏಳತೈತಿ, ಮೊದಲ ಬಾಗಲ ತಗೀರಿ." ರಟ್ಟಿನಿಂದ ಚೂರು ಬಳಿದು, ಹಸಿ ಅರಿವೆಯಿಂದ ಪುಡಿ ಒರೆಸಿ, ಅರಿವೆ ಸಮೇತ ಡಬ್ಬಿಗೆ ಹಾಕಿ ಮುಚ್ಚಿದ. ನಾನು ಹೇಳಿರಲಿಲ್ಲವೇ ಎಂದು ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು ಎನ್ನಿಸಿತು ಶಂಕ್ರೆವ್ವನಿಗೆ.

ಮರುದಿನ ಕಾಲಿಗೆ ಪಟ್ಟಿ ಕಟ್ಟಿಕೊಂಡು, ಗೋಡೆ ಹಿಡಿದು ಕದದ ಹಿಂದಕ್ಕೆ ಹೋದಳು. ಉಳಿದ ಟ್ಯೂಬುಗಳನ್ನು ಕೂಸಿನ ಅದೇ ಕೌದಿಯಲ್ಲಿ ಸುತ್ತಿ ಸಾಬಣ್ಣನ ಕೈಗೆ ಕೊಟ್ಟಳು. ಅವನು ಅದನ್ನು ಕಟ್ಟಿಗೆಯ ಹಾಗೆ ಹೆಗಲಿಗೇರಿಸಹೋದ.

"ಹಂಗಲ್ಲೋ," ಎಂದು ಅವನ ತೋಳನ್ನು ತಾನೇ ಮಡಿಸಿ ಎದೆಗೆ ಒತ್ತಿದಳು. "ಕೂಸಿನ್ನ ಹಿಡದಂಗ ಹಿಡಿ."