ಹದಿನೇಳನೆಯ ಎಲೆ

ಮರಗಳು ಎಲೆ ಉದುರಿಸುವ ಕಾಲ ಬಂತೆಂದರೆ ಗಾರೆ ಮೇಸ್ತ್ರಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೆ ವರ್ಷವೆಲ್ಲ ಕಿಟಕಿ ಪಕ್ಕದ ಕುರ್ಚಿಗೆ ಅಂಟಿಕೊಂಡು ಕೂರುವ ಮನುಷ್ಯ, ಆ ಒಂದು ದಿನ ಮಾತ್ರ ಬೆಳಗಾಗುತ್ತಲೇ ಕೋಟು ತೊಟ್ಟು, ಟೋಪಿ ಇಟ್ಟು, ಬಾಗಿಲಲ್ಲಿ ನಿಂತು ಹೆಂಡತಿಯ ತಲೆ ತಿನ್ನುತ್ತಿದ್ದ. ಊರಿನ ಹಳೇ ಬಡಾವಣೆಯನ್ನು ಒಂದು ಸುತ್ತು ಹಾಕಿ ಬರಬೇಕು, ಅಷ್ಟೇ. ನಲವತ್ತೊಂದು ವರ್ಷದಿಂದ ಇದೇ ಹಾಡು.

ಅದಕ್ಕೊಂದು ಕಾರಣವೂ ಇತ್ತೆನ್ನಿ. ಆ ಬಡಾವಣೆಯಲ್ಲಿ ನೂರು, ನೂರೈವತ್ತು ವರ್ಷದ ಮನೆಗಳು. ಬೀದಿಯ ಎರಡೂ ಬದಿಗೆ ಮನೆಗಳಷ್ಟೇ ವಯಸ್ಸಾದ ಮರಗಳು. ಸೊಪ್ಪು ತುಂಬಿರುವಾಗ ಮಹಡಿಯ ಮೇಲಿನ ಗಾರೆ ಕೆಲಸ ಒಂದೂ ಕಾಣುವುದಿಲ್ಲ. ಎಲೆ ಉದುರಿದ ಮೇಲೆಯೇ ಹೂವು, ಬಳ್ಳಿ, ಸೂರಿನ ಕೆಳಗೆ ಸಾಲಾಗಿ ಗಾರೆಯ ಎಲೆ ಕೂರಿಸಿದ ಎಲೆಪಟ್ಟಿ ಎಲ್ಲ ಹೊರಗೆ ಬರುತ್ತವೆ. ಗಂಡ ತನ್ನ ಕೈಕೆಲಸ ನೋಡಿ ಖುಷಿಪಡಲು ಹೋಗುತ್ತಾನೆಂದು ಹೆಂಡತಿ ನಂಬಿದ್ದಳು. "ವರ್ಷಕ್ಕೊಂದ್ಸಲ ಸವತಿ ಮನೆಗೆ ಕರ್ಕೊಂಡು ಹೋಗ್ತಾರೆ ನಮ್ಮನೆಯವರು" ಎಂದು ಅಕ್ಕಪಕ್ಕದವರ ಮುಂದೆ ನಗುತ್ತಿದ್ದಳು.

ಆದರೆ ಈ ವರ್ಷ ಎಲ್ಲ ತಿರುಗಾಮುರುಗಾ. ಅವಳು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಇವನು ಟೋಪಿ ಹುಡುಕುತ್ತಲೇ ಇದ್ದಾನೆ.

"ಟೋಪಿ ತಲೆ ಮೇಲೇ ಇದೆ ಕಣ್ರೀ."

"ಹೌದಲ್ಲ" ಎಂದ ಮೇಸ್ತ್ರಿ. ಇನ್ನು ಹುಡುಕಲು ಏನೂ ಉಳಿದಿರಲಿಲ್ಲ.

ಹಿಂದಿನ ದಿನ ಒಂದು ಫೋನು ಬಂದಿತ್ತು. ಆ ಬಡಾವಣೆಯ ಮೂಲೆಮನೆಯ ರಿಪೇರಿ ಹಿಡಿದಿರುವ ಗಾರೆ ಕೆಲಸದ ಹೆಣ್ಣುಮಗಳು ಮಾತಾಡಿದ್ದಳು. "ನೀರು ಇಳಿದು ಎಲೆಪಟ್ಟಿ ಬಲಗಡೆ ತುದೀಲಿ ಬಿರುಕು ಬಿಟ್ಟಿದೆ ಮೇಸ್ತ್ರಿಗಳೇ. ಆ ತುಂಡನ್ನ ಕೆಳಗಿಳಿಸಿದ್ದೀನಿ. ಅದರಲ್ಲೊಂದು ವಿಚಿತ್ರ ಇದೆ. ನೀವೇ ಬಂದು ನೋಡ್ಬೇಕು" ಎಂದಿದ್ದಳು. ಆ ಕ್ಷಣದಿಂದ ಮೇಸ್ತ್ರಿಯ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು.

ಬೀದಿಗೆ ಇಳಿದರು. ಕಲ್ಲು ಹಾಸಿನ ಮೇಲೆ ಒಣ ಎಲೆ ಮೊಣಕಾಲುದ್ದ ಗುಡ್ಡೆಯಾಗಿತ್ತು. ಹೆಂಡತಿ ಚಿಕ್ಕ ಹುಡುಗಿಯಂತೆ ಅದರಲ್ಲೇ ಕಾಲು ಎಳೆದುಕೊಂಡು ನಡೆದಳು. ಹಸಿರು ಬಾಗಿಲ ಮನೆ, ಕಬ್ಬಿಣದ ಬಳ್ಳಿಯ ಗೇಟಿನ ಮನೆ, ಮೆಟ್ಟಿಲ ಮೇಲೆ ಬೆಕ್ಕು ಮಲಗಿದ್ದ ಮನೆ, ಒಂದೊಂದೂ ಹಿಂದೆ ಬಿತ್ತು. ಮೇಸ್ತ್ರಿ ಯಾವುದನ್ನೂ ನೋಡಲಿಲ್ಲ. ನಿಜ ಹೇಳಬೇಕೆಂದರೆ ನಲವತ್ತೊಂದು ವರ್ಷದಲ್ಲಿ ಅವನು ಅವನ್ನೆಲ್ಲ ನೋಡಿಯೇ ಇರಲಿಲ್ಲ. ಅವನು ಬರುತ್ತಿದ್ದುದು ಒಂದೇ ಮನೆಗೆ, ಅದರ ಒಂದೇ ಮೂಲೆಗೆ. ಅದೂ ಖುಷಿಪಡಲು ಅಲ್ಲ. ತಾನು ಮಾಡಿದ ತಪ್ಪು ಕೆಳಗಿನಿಂದ ಕಾಣುತ್ತದೋ ಇಲ್ಲವೋ ಎಂದು ನೋಡಲು.

ಆಗ ಅವನಿಗೆ ಮೂವತ್ತು. ಅವನ ಗುರು, ಎಲ್ಲರೂ ದೊಡ್ಡ ಮೇಸ್ತ್ರಿ ಎನ್ನುತ್ತಿದ್ದ ಹಿರಿಯರು, ಜ್ವರ ಬಂದು ಮಲಗಿದ್ದರು. ಹಳೇ ಮೂಲೆಮನೆಗೆ ಹೊಸದಾಗಿ ಹಾಕುತ್ತಿದ್ದ ಎಲೆಪಟ್ಟಿಯ ಕೊನೆಯ ಭಾಗವನ್ನು ಇವನೊಬ್ಬನೇ ಕೂರಿಸಬೇಕಾಯಿತು. ಅಚ್ಚಿನಲ್ಲಿ ಎರಕ ಹೊಯ್ದ ಹದಿನೇಳು ಎಲೆ, ಎಲ್ಲವೂ ಸಮ ಅಂತರದಲ್ಲಿ. ಅಳತೆ ಎಲ್ಲಿ ಕೈಕೊಟ್ಟಿತೋ, ಹದಿನಾರು ಎಲೆ ಕೂರಿಸುವಷ್ಟರಲ್ಲಿ ಮೂಲೆಯಲ್ಲಿ ಉಳಿದದ್ದು ನಾಲ್ಕು ಬೆರಳು ಜಾಗ. ಹದಿನಾರನ್ನೂ ಕಿತ್ತು ಮತ್ತೆ ಕೂರಿಸುವುದೇ ಸರಿಯಾದ ದಾರಿ. ಇವನು ಅದನ್ನು ಮಾಡಲಿಲ್ಲ. ಸಂಜೆ ಹೊತ್ತಿಗೆ ಹಸಿ ಸುಣ್ಣದ ಗಾರೆ ಮೆತ್ತಿ, ಕೈಯಿಂದಲೇ ಒಂದು ಸಣಕಲು ಎಲೆ ತಿದ್ದಿ ಸಂದಿಗೆ ತುರುಕಿದ. ಅಡ್ಡಲಾಗಿ ಮರ ಹೇಗೂ ಇತ್ತು.

ಮರುದಿನ ಮಧ್ಯಾಹ್ನ ಗುರುಗಳ ಮನೆಗೆ ಹೋದ. "ಮೂಲೆ ಮುಗೀತೇನೋ?" ಎಂದು ಅವರು ಕೇಳಿದರು. "ಅಚ್ಚುಕಟ್ಟಾಗಿ ಮುಗೀತು" ಎಂದ. ದೊಡ್ಡ ಮೇಸ್ತ್ರಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ದಿಂಬಿನ ಪಕ್ಕದಲ್ಲಿದ್ದ ಗಾರೆ ಮೆತ್ತುವ ತಮ್ಮ ಕರಣೆಯನ್ನು ತೆಗೆದು ಕೈಯಲ್ಲಿಟ್ಟರು. "ಇವತ್ತಿಂದ ನೀನೇ ಮೇಸ್ತ್ರಿ" ಎಂದರು. ಆ ಚಳಿಗಾಲ ಮುಗಿಯುವುದರೊಳಗೆ ಅವರು ಹೋಗಿಬಿಟ್ಟರು. ಆ ಕರಣೆ ಹಿಡಿದೇ ಇವನು ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ, ಊರಲ್ಲಿ ಹೆಸರು ಮಾಡಿದ. ಆದರೆ ಅದನ್ನು ಕೈಗೆತ್ತಿಕೊಂಡಾಗಲೆಲ್ಲ, ಇದು ಸುಳ್ಳು ಹೇಳಿ ಹೊಡೆದುಕೊಂಡ ಮಾಲು ಎಂದು ಮನಸ್ಸು ಚುಚ್ಚುತ್ತಿತ್ತು.

ಮೂಲೆಮನೆಯ ಮುಂದೆ ಹತ್ತಿ ಕೆಲಸ ಮಾಡಲು ಗಳುಗಳ ಸಾರುವೆ ಕಟ್ಟಿದ್ದರು. ಅಂಗಳದ ಹಲಗೆಯ ಮೇಲೆ ಗೋಣಿ ಹಾಸಿ ಎರಡು ಎಲೆಯಷ್ಟು ಉದ್ದದ ತುಂಡನ್ನು ಮಲಗಿಸಲಾಗಿತ್ತು. ಒಂದು ದಪ್ಪ ಎಲೆ, ಪಕ್ಕದಲ್ಲಿ ಆ ಸಣಕಲು. ಹತ್ತಿರದಿಂದ ನೋಡಿದರೆ ಕಣ್ಣಿಗೆ ರಾಚುತ್ತಿತ್ತು. ಮೂವತ್ತರ ಆಸುಪಾಸಿನ ಆ ಕೆಲಸದ ಹೆಣ್ಣುಮಗಳು ಕೈಯೊರೆಸಿಕೊಳ್ಳುತ್ತ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಮೇಸ್ತ್ರಿಯ ಕಟ್ಟೆ ಒಡೆಯಿತು.

"ನಾನೇ ಮಾಡಿದ್ದಮ್ಮ. ಅಳತೆ ತಪ್ಪಿದ್ದು ನಾನೇ, ಮುಚ್ಚಿಹಾಕಿದ್ದೂ ನಾನೇ. ನಮ್ಮ ಗುರುಗಳಿಗೆ ಇದು ಗೊತ್ತೇ ಇರ್ಲಿಲ್ಲ. ಅವರ ಹೆಸರಿಗೆ ಮಸಿ ಬಳೀಬೇಡ."

ಹೆಂಡತಿ ಕಣ್ಣರಳಿಸಿ ನೋಡಿದಳು. "ಏನ್ರೀ ಇದು? ಹಾಗಾದ್ರೆ ಇಷ್ಟು ವರ್ಷ ನನ್ನ ಕರ್ಕೊಂಡು ಬರ್ತಿದ್ದಿದ್ದು…"

"ಇದನ್ನ ಕಾಯೋದಕ್ಕೆ ಕಣೇ" ಎಂದ ಮೇಸ್ತ್ರಿ. ಅವಳ ಮುಖ ನೋಡುವ ಧೈರ್ಯ ಅವನಿಗೆ ಆಗಲಿಲ್ಲ.

"ಎಲೆ ಸಣ್ಣದಾಗಿರೋದನ್ನ ನಾನು ಸಾರುವೆ ಹತ್ತಿದ ದಿನಾನೇ ನೋಡ್ದೆ ಮೇಸ್ತ್ರಿಗಳೇ" ಎಂದಳು ಆ ಹೆಣ್ಣುಮಗಳು. "ಅದಕ್ಕಲ್ಲ ನಿಮ್ಮನ್ನ ಕರೆದಿದ್ದು. ಇದರ ಮೇಲ್ಭಾಗ ನೋಡಿ."

ಮೇಲ್ಭಾಗವೆಂದರೆ ಕೆಳಗಿನಿಂದ ಯಾರಿಗೂ ಕಾಣದ, ಹಕ್ಕಿಗಳು ಮಾತ್ರ ಕೂರುವ ಜಾಗ. ದೊಡ್ಡ ಮೇಸ್ತ್ರಿಯವರ ತಂಡದಲ್ಲಿ ಒಂದು ಪದ್ಧತಿಯಿತ್ತು. ಕೆಲಸ ಒಪ್ಪಿಗೆಯಾದರೆ, ಗಾರೆ ಹಸಿಯಿರುವಾಗಲೇ ಮೇಸ್ತ್ರಿಯಾದವನು ಅಲ್ಲಿ ಎಡಗೈ ಹೆಬ್ಬೆಟ್ಟು ಒತ್ತಬೇಕು. ಇದಕ್ಕೆ ನಾನು ಹೊಣೆ ಎಂದು ಅರ್ಥ. ಬೇರೆ ಯಾರೂ ಒತ್ತುವಂತಿರಲಿಲ್ಲ. ಆ ಸಂಜೆ ಇವನಿನ್ನೂ ಮೇಸ್ತ್ರಿಯಾಗಿರಲಿಲ್ಲ, ಒತ್ತುವ ಹಕ್ಕಿರಲಿಲ್ಲ. ಒತ್ತುವ ಮುಖವೂ ಇರಲಿಲ್ಲ.

ಅವಳು ತುಂಡನ್ನು ಮೆಲ್ಲಗೆ ಹೊರಳಿಸಿದಳು. ಸಣಕಲು ಎಲೆಯ ನೆತ್ತಿಯ ಮೇಲೆ ಒಂದು ಹೆಬ್ಬೆಟ್ಟಿನ ಗುರುತು. ಆಳವಾದ, ಅಗಲವಾದ ಗುರುತು. ನಟ್ಟನಡುವೆ ಅಡ್ಡಕ್ಕೊಂದು ಗೆರೆ.

ಮೇಸ್ತ್ರಿ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದ. ಆ ಗೆರೆ ಅವನಿಗೆ ಗೊತ್ತು. ಎಳೆಯ ವಯಸ್ಸಿನಲ್ಲಿ ತಗಡು ಕೊಯ್ದು ದೊಡ್ಡ ಮೇಸ್ತ್ರಿಯವರ ಹೆಬ್ಬೆರಳ ಮೇಲೆ ಉಳಿದಿದ್ದ ಗಾಯದ ಗೆರೆ ಅದು. ಸುಣ್ಣದ ಗಾರೆ ಮರುದಿನ ಬೆಳಿಗ್ಗೆಯವರೆಗೆ ಮೆತ್ತಗಿರುತ್ತದೆ. ಅಂದರೆ ಅವರು ಜ್ವರದ ಮೈಯಲ್ಲೇ ಎದ್ದು, ಕೆಲಸದವರು ಬರುವ ಮೊದಲೇ ಮೂರು ಅಂತಸ್ತು ಹತ್ತಿ, ಇವನ ಕಳ್ಳ ಕೆಲಸವನ್ನು ಕಣ್ಣಾರೆ ನೋಡಿ, ಅದರ ಮೇಲೆ ತಮ್ಮ ಹೆಬ್ಬೆಟ್ಟು ಒತ್ತಿ ಹೋಗಿದ್ದಾರೆ. ಕರಣೆ ಕೊಟ್ಟದ್ದು ಅದಾದ ಮೇಲೆ. ಸುಳ್ಳು ಹೇಳುತ್ತಿದ್ದಾನೆಂದು ಗೊತ್ತಿದ್ದೇ ಕೊಟ್ಟದ್ದು.

"ಗೊತ್ತಿತ್ತು ಅವರಿಗೆ" ಎಂದ ಮೇಸ್ತ್ರಿ. "ಎಲ್ಲಾ ಗೊತ್ತಿತ್ತು ಕಣೇ. ಆದ್ರೂ ಕೊಟ್ರು."

ಹೆಂಡತಿ ಅವನ ಬೆನ್ನು ಸವರಿದಳು. ಅವನು ಆ ಗುರುತಿನೊಳಗೆ ತನ್ನ ಹೆಬ್ಬೆರಳನ್ನಿಟ್ಟ. ಗುರುವಿನ ಬೆರಳು ತನ್ನದಕ್ಕಿಂತ ದೊಡ್ಡದು, ಸುತ್ತಲೂ ಜಾಗ ಉಳಿಯಿತು. ಇಂಥವರ ಕೈಕೆಳಗೆ ಕಲಿತೆನಲ್ಲ, ಅದೆಷ್ಟು ಪುಣ್ಯ ಮಾಡಿದ್ದೆನೋ ಎನಿಸಿ ಅಲ್ಲೇ ಕೈಮುಗಿದ.

"ಇದನ್ನ ಹೀಗೇ ವಾಪಸ್ ಕೂರಿಸ್ತೀನಿ" ಎಂದಳು ಹೆಣ್ಣುಮಗಳು. ಆಮೇಲೆ ಪಕ್ಕದ ಹಲಗೆ ತೋರಿಸಿದಳು. ಒಡೆದುಹೋಗಿದ್ದ ಮೂರು ಎಲೆಗಳ ಬದಲಿಗೆ ಅವಳು ಹೊಸದಾಗಿ ಮಾಡಿದ ತುಂಡು ಅಲ್ಲಿತ್ತು, ಗಾರೆ ಇನ್ನೂ ಹಸಿ. "ನನಗೆ ಮೇಲೆ ಮೇಸ್ತ್ರಿ ಅಂತ ಯಾರೂ ಇಲ್ಲ. ನೋಡಿಕೊಂಡು ಕಲ್ತಿದ್ದು. ನಿಮ್ಮ ಹೆಬ್ಬೆಟ್ಟಿನ ಪದ್ಧತಿ ಕೇಳಿ ಗೊತ್ತು. ಒಪ್ಪಿಗೆಯಾದ್ರೆ… ನೀವು ಒತ್ತುತ್ತೀರಾ?"

ಮೇಸ್ತ್ರಿ ಬಗ್ಗಿ ನೋಡಿದ. ಕೈಕೆಲಸ ಚೆನ್ನಾಗಿತ್ತು, ಎಲೆಯ ನರಗಳೆಲ್ಲ ಚುರುಕಾಗಿ ಮೂಡಿದ್ದವು. ಮೂರನೆಯ ಎಲೆಯ ತುದಿ ಮಾತ್ರ ಕೂದಲೆಳೆಯಷ್ಟು ವಾಲಿತ್ತು. ಅವನು ತಲೆಯೆತ್ತಿದಾಗ ಅವಳ ಮುಖ ಕೆಂಪಾಗಿತ್ತು.

"ಮೂರನೇದು ವಾಲಿದೆ" ಎಂದಳು ಅವಳೇ. "ನಿಮಗೆ ಕಾಣಿಸಿರುತ್ತೆ."

"ಕಾಣಿಸ್ತು. ಆದ್ರೆ ನೀನಾಗೇ ಹೇಳಿದೆ ನೋಡು, ನನಗೆ ಅದು ಆಗಿರ್ಲಿಲ್ಲ" ಎಂದ ಮೇಸ್ತ್ರಿ, ಎಡಗೈ ತೋಳು ಮಡಚಿ, ಹೆಬ್ಬೆಟ್ಟನ್ನು ಹಸಿ ಗಾರೆಗೆ ಒತ್ತಿದ.

ವಾಪಸಾಗುವಾಗ ಅವನ ನಡಿಗೆ ನಿಧಾನವಾಯಿತು. ಕಬ್ಬಿಣದ ಬಳ್ಳಿಯ ಗೇಟಿನ ಮುಂದೆ ನಿಂತ. ಹಸಿರು ಬಾಗಿಲಿನ ಮೇಲಿದ್ದ ಗಾರೆಯ ದ್ರಾಕ್ಷಿಗೊಂಚಲನ್ನು ತಲೆಯೆತ್ತಿ ನೋಡಿ, "ಇದು ಯಾರ ಕೈಯೇ, ಎಷ್ಟು ಚೆನ್ನಾಗಿದೆ!" ಎಂದ.

"ಅದು ಮೊದಲಿಂದಾನೂ ಇದೆ ಕಣ್ರೀ" ಎಂದಳು ಹೆಂಡತಿ. "ಇನ್ನು ಕಾಯೋ ಕೆಲಸ ಮುಗೀತಲ್ಲ, ಮುಂದಿನ ವರ್ಷ ಮನೇಲೇ ಇರೋಣವಾ?"

"ಇಲ್ಲ ಕಣೇ, ಬರೋಣ" ಎಂದ ಮೇಸ್ತ್ರಿ. ಅವನ ಹೆಬ್ಬೆರಳಲ್ಲಿ ಸುಣ್ಣ ಇನ್ನೂ ಅಂಟಿತ್ತು, ಒರೆಸಿಕೊಂಡಿರಲಿಲ್ಲ. "ಒಂದ್ಸಲನಾದ್ರೂ ನೋಡಕ್ಕೆ ಅಂತ ಬರೋಣ."