ಬಾಯಿ ಕಟ್ಟಿದ ಸ್ಕ್ರಿಪ್ಟ್

ಮೀನಿನ ವಾಸನೆ, ಮೀನಲ್ಲ, ಮೀನಿನ ಐಸಿನ ವಾಸನೆ, ಮುಂದೆ ನಿಂತವನ ಲುಂಗಿಯಿಂದ ಬರುತ್ತಿದೆ, ಕಾಸಿಮೇಡು ಬಂದರಿನ ಮೀನು ಹರಾಜಿನಿಂದ ಸೀದಾ ಇಲ್ಲಿಗೇ ಬಂದಿರಬೇಕು, ಅವನ ಕೈಯಲ್ಲೂ ನನ್ನಂಥದೇ ಗುಲಾಬಿ ಚೀಟಿ, ಇದು ಬ್ಲಡ್ ಬ್ಯಾಂಕಿನ ಕಿಟಕಿ, ಗಾಜಿನಾಚೆ ಮೇಜಿನ ಮೇಲೆ ಒಂದು ಚೀಲ — ತುಂಬಿದೆ, ಕಪ್ಪುಗೆಂಪು, ಅದು ಅತ್ತೆಗೆ ಹೋಗಬೇಕಾದದ್ದು, ಕಂಪ್ಯೂಟರ್ ಮುಂದಿನ ಹುಡುಗಿ ಹರ್ಷಿಣಿ, ಎದೆಯ ಮೇಲೆ ಹೆಸರಿದೆ, ಆಗಲೇ ಹೇಳಿದಳು, ಕ್ರಾಸ್‌ಮ್ಯಾಚ್ ಮುಡಿಂಜಿಡುಚ್ಚು ಮಾ, ಲೇಬಲ್ ದಾನ್ ವರಲೆ, ಸಿಸ್ಟಂ ಓಪನ್ ಆಗಲೆ, ರಕ್ತ ಹೊಂದುತ್ತದೋ ಎಂದು ನೋಡಿಯಾಗಿದೆ, ಸಿಸ್ಟಂ ತೆರೆಯದೆ ಲೇಬಲ್ ಮಾತ್ರ ಬರುತ್ತಿಲ್ಲವಂತೆ, ಲೇಬಲ್ ಅಂಟದ ಚೀಲ ಈ ಕಿಟಕಿ ದಾಟುವುದಿಲ್ಲ, ಒಬ್ಬರದು ಇನ್ನೊಬ್ಬರಿಗೆ ಹೋದರೆ ಜೀವಕ್ಕೇ ಸಂಚಕಾರ, ಸರಿಯಾದ ನಿಯಮವೇ, ಮೇಲೆ ಮೂರನೇ ಮಹಡಿಯಲ್ಲಿ ಅತ್ತೆಯ ವಾಂತಿ ಮೊದಲು ಕಾಫಿ ಚರಟದ ಬಣ್ಣ, ಆಮೇಲೆ ಕೆಂಪೇ ಕೆಂಪು, ಆದರೂ ಆ ಬಾಯಲ್ಲೇ, ಲಿಂಗ ತಗೀಬ್ಯಾಡ ಅಂತ ಹೇಳವ್ವಾ ಆಕೀಗೆ, ನರ್ಸ್ ಕತ್ತಿನ ದಾರಕ್ಕೆ ಕೈ ಹಾಕಿದ್ದಕ್ಕೆ, ನಾನು ತಮಿಳಿನಲ್ಲಿ ಹೇಳಿದೆ, ಬಿಟ್ಟಳು. ವೇಲಚೇರಿಯಲ್ಲಿ ಮನೆ ಪಕ್ಕವೇ ಆಸ್ಪತ್ರೆ ಇತ್ತು, ಅದು ಬ್ಯಾಡ್ರಿ, ಇನ್ನೊಂದಕ್ಕ ಹೋಗೂಣು, ಅಲ್ಲಿಯ ಕಂಪ್ಯೂಟರೆಲ್ಲ ನಮ್ಮ ಕಂಪನೀನೇ ನೋಡೋದು, ನನಗೆ ಎಲ್ಲರೂ ಗೊತ್ತು, ಎಂದು ಆಟೋ ಈ ಕಡೆ ತಿರುಗಿಸಿದವಳು ನಾನೇ.

ಹರ್ಷಿಣಿ ಪರದೆಯನ್ನು ಸ್ವಲ್ಪ ಈಚೆ ತಿರುಗಿಸುತ್ತಾಳೆ, ನೋಡಿ, ಇದನ್ನೇ ಹೇಳ್ತಿದೆ ಬೆಳಗ್ಗೆಯಿಂದ — ಕಪ್ಪು ಚೌಕ, ಬಿಳಿ ಅಕ್ಷರ, ಲೇಬಲ್ ಪ್ರೋಗ್ರಾಂ ಸಿಗುತ್ತಿಲ್ಲವಂತೆ, ಅಯ್ಯೋ, ಇದು ನನ್ನದು, ಇವತ್ತು ಬೆಳಗಿನ ಜಾವ ತಾನಾಗಿ ಓಡಿದ ನನ್ನ ಬ್ಯಾಚ್ ಫೈಲು, ಸಾಲಾಗಿ ಆಜ್ಞೆ ಬರೆದಿಟ್ಟ ಸ್ಕ್ರಿಪ್ಟು, ಈ ಕಟ್ಟಡದ ಎಲ್ಲ ಕಂಪ್ಯೂಟರಿಗೂ ಹೊಸ ಸಾಫ್ಟ್‌ವೇರ್ ಹಾಕಿ ಅದರ ಫೋಲ್ಡರನ್ನು ಪಾತ್‌ಗೆ ಸೇರಿಸು ಎಂದು ಬರೆದದ್ದು, ಯಾವ ಪ್ರೋಗ್ರಾಂ ಎಲ್ಲಿದೆ ಎಂದು ಕಂಪ್ಯೂಟರ್ ಹುಡುಕುವುದು ಪಾತ್ ಎಂಬ ಆ ಒಂದು ಉದ್ದ ಸಾಲಿನಲ್ಲಿ, ವಿಳಾಸದ ಪಕ್ಕ ವಿಳಾಸ, ನಾನು ಬಳಸಿದ ಆಜ್ಞೆ ಸಾವಿರ ಚಿಲ್ಲರೆ ಅಕ್ಷರ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತದೆ, ಹೊಸ ಲ್ಯಾಪ್‌ಟಾಪುಗಳಲ್ಲಿ ಸಾಲು ಗಿಡ್ಡ, ಪರೀಕ್ಷೆಯಲ್ಲಿ ಎಲ್ಲ ಸರಿ ಎಂದು ಹಸಿರು, ಈ ಹಳೇ ಮೆಷಿನ್ನಿನದು ಬಾಲ ಉದ್ದ, ಬಾಲದಲ್ಲೇ ಲೇಬಲ್ಲಿನ ವಿಳಾಸ ಇದ್ದಿರಬೇಕು, ಹೋಯಿತು — ಕತ್ತರಿಸುತ್ತೇನೆ ಎಂದು ಅದು ಎಚ್ಚರಿಕೆಯನ್ನೂ ಕೊಡುತ್ತದೆ, ಪಾಪ, ಆದರೆ ಪರದೆ ಮೇಲೆ ಏನೂ ಕಾಣಬಾರದು, ನರ್ಸುಗಳು ಗಾಬರಿಯಾಗಿ ಫೋನ್ ಮಾಡುತ್ತಾರೆ ಎಂದು ಮ್ಯಾನೇಜರ್ ಮೋಹನ್ ಅಂದದ್ದಕ್ಕೆ ನಾನೇ ಅದರ ಬಾಯಿ ಕಟ್ಟಿದ್ದೆ. ಚೀಲ ಅಲ್ಲೇ ಇದೆ, ಹೊರಮೈ ಬೆವರುತ್ತಿದೆ.

ಹೇಳು, ಈಗಲೇ ಹೇಳು, ಕಿಟಕಿಗೆ ಬಾಯಿ ಇಟ್ಟು ಹೇಳು — ಕೈ ಮಾತ್ರ ಮೋಹನ್ ನಂಬರ್ ಒತ್ತಿತು, ಸಾರ್, ಪಾತ್ ಕಟ್ ಆಗಿದೆ, ಬ್ಲಡ್ ಬ್ಯಾಂಕ್ ನಿಂತಿದೆ, ನಮ್ಮ ಅತ್ತೆಗೇ ರಕ್ತ ಬೇಕು ಸಾರ್, ಓ, ಸಾರಿ ಪೂರ್ಣಿಮಾ, ಆದ್ರೆ ಯಾರ್‌ಕಿಟ್ಟೆಯುಂ ಸೊಲ್ಲಾದೀಂಗ, ಯಾರಿಗೂ ಹೇಳಬೇಡಿ, ಅವರು ಕಂಪ್ಲೇಂಟ್ ಹಾಕಲಿ, ಇಲ್ಲಿಂದ ಮೆಲ್ಲಗೆ ಸರಿ ಮಾಡೋಣ, ನಮ್ಮ ತಪ್ಪು ಅಂತ ಗೊತ್ತಾದ್ರೆ ಕಾಂಟ್ರಾಕ್ಟ್ ಹೋಗುತ್ತೆ, ಮೊದಲು ನಿಮ್ಮ ಕೆಲಸ ಹೋಗುತ್ತೆ, ಸರಿ ಸಾರ್, ಸರಿ ಸಾರ್ ಅಂದೆನಲ್ಲ ನಾನು, ಥೂ, ಗಂಡನ ಅಂಗಡಿ ಟಿ. ನಗರದಲ್ಲಿ ಮುಚ್ಚಿದ ಮೇಲೆ ಮನೆ ನಡೆಯುವುದೇ ನನ್ನ ಸಂಬಳದಲ್ಲಿ, ಕಾಸಿಮೇಡಿನವನು ಗಾಜು ಗುದ್ದುತ್ತಿದ್ದಾನೆ, ಏಮ್ಮಾ, ಎನ್ ಪೊಣ್ಣು ಮೇಲೆ ಕೆಡಕ್ಕುದು, ನೀ ಟಿವಿ ಪಾಕ್ಕಿರಿಯಾ, ಮಗಳು ಮೇಲೆ ಬಿದ್ದಿದ್ದಾಳೆ, ನೀನು ಟಿವಿ ನೋಡ್ತೀಯಾ ಅಂತ, ಅವಳಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲವಂತೆ, ಬೈಗುಳ ಹರ್ಷಿಣಿಗೆ, ಅವಳ ಕಣ್ಣು ತುಂಬಿದೆ, ಲೇಬಲ್ ಕೈಯಲ್ಲಿ ಬರೆಯಲು ಡಾಕ್ಟರ್ ಸಹಿ ಬೇಕಂತೆ, ಕರೆದಿದ್ದಾಳಂತೆ, ಅವರು ಆಪರೇಷನ್‌ನಲ್ಲಿದ್ದಾರಂತೆ, ನಾನು ಅವನ ಬೆನ್ನ ಹಿಂದೆ ಸಂಭಾವಿತಳ ಹಾಗೆ ನಿಂತಿದ್ದೇನೆ, ಫೋನು, ಸಿದ್ಧಲಿಂಗೇಶ್, ಗಂಡ, ರಕ್ತ ಸಿಕ್ತೇನ, ಡಾಕ್ಟ್ರು ಕೇಳಾಕತ್ತಾರ, ಅವ್ವನ ಕೈ ತಣ್ಣಗ ಆಗ್ಯಾವು, ಬರ್ತೈತ್ರೀ, ಕಂಪ್ಯೂಟರ್ ಕೆಟ್ಟೈತಂತ — ಕೆಟ್ಟೈತಂತ, ಎಷ್ಟು ಸಲೀಸಾಗಿ ಬಂತು, ಯಾರೋ ಹೇಳಿದ್ದು ಕೇಳಿದವಳ ಹಾಗೆ, ಆ ಚೀಲ ನೋಡುತ್ತಲೇ ಅಂದೆ. ಅವರು ಲಗೂನ ಬಾ ಎಂದು ಇಟ್ಟರು.

ಅತ್ತೆಯ ಕೈ ತಣ್ಣಗೆ, ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಜ್ವರಕ್ಕೆ ರಾತ್ರಿಯಿಡೀ ಹಣೆ ಮೇಲಿದ್ದ ಕೈ, ಹಿಟ್ಟಿನ ವಾಸನೆಯ ಕೈ, ಸಾಕು, ಕೆಲಸ ಹಾಳಾಗಿ ಹೋಗಲಿ, ಕಾಸಿಮೇಡಿನವನನ್ನು ತಳ್ಳಿಕೊಂಡು ಕಿಟಕಿಗೆ ಹೋದೆ, ಬಾಗಿಲು ತೆಗೀರಿ, ಇದನ್ನು ಕೆಡಿಸಿದ್ದು ನಾನು, ನಾನೇ ಸರಿ ಮಾಡ್ತೀನಿ, ತಮಿಳಿನಲ್ಲಿ ಹೇಳಿದೆನೋ ಕನ್ನಡದಲ್ಲೋ, ಹರ್ಷಿಣಿ ಒಂದೂ ಪ್ರಶ್ನೆ ಕೇಳದೆ ಚಿಲಕ ತೆಗೆದಳು, ಅಷ್ಟು ಸುಲಭವಿತ್ತು, ಅಷ್ಟೇ ಇತ್ತು, ಲೇಬಲ್ ಫೋಲ್ಡರ್ ಹುಡುಕಿದೆ, ಡಿ ಡ್ರೈವಿನಲ್ಲಿ ಸಿಕ್ಕಿತು, ಪಾತ್ ಇಲ್ಲದಿದ್ದರೇನು, ಪೂರ್ತಿ ವಿಳಾಸ ಕೈಯಾರೆ ಬರೆದೆ, ತೆರೆಯಿತು, ಇಷ್ಟಕ್ಕೆ, ಇಷ್ಟಕ್ಕೆ ಎಷ್ಟು ಹೊತ್ತು ನಿಂತಿದ್ದೆ ಹೊರಗೆ, ಪ್ರಿಂಟರ್ ಕರ್ ಅಂದಿತು, ಬಿಳಿ ಪಟ್ಟಿ, ಅತ್ತೆಯ ಹೆಸರು, ಸುವರ್ಣಮ್ಮ, ಹೆಣ್ಣು, ಮೂರನೇ ಮಹಡಿ, ಹರ್ಷಿಣಿ ಅದನ್ನು ಚೀಲಕ್ಕೆ ಅಂಟಿಸಿ ಬೆರಳಿನಿಂದ ತೀಡಿದಳು, ನಾನು ಎರಡೂ ಕೈ ಚಾಚಿದೆ — ಗೋಡೆಯ ಫೋನು, ಹರ್ಷಿಣಿ ಎತ್ತಿದಳು, ಆಮಾ ಸಿಸ್ಟರ್, ಹೌದು, ರೆಡಿ, ಈಗಲೇ ಕಳಿಸ್ತೀನಿ, ಆಮೇಲೆ ಕೇಳಿಸಿಕೊಂಡಳು, ಸರಿ ಸಿಸ್ಟರ್, ಅಂದಳು, ಫೋನ್ ಇಟ್ಟಳು, ನನ್ನನ್ನು ನೋಡಲಿಲ್ಲ, ಚೀಲವನ್ನು ನೋಡಿದಳು, ನನ್ನ ಕೈ ಇನ್ನೂ ಚಾಚಿಯೇ ಇದೆ, ವೇಂಡಾಮಾಂ ಮಾ, ಬೇಡವಂತೆ, ನೀವು ಮೇಲೆ ಹೋಗಿ, ನನ್ನ ಫೋನು ಅಲುಗುತ್ತಿದೆ, ಸಿದ್ಧಲಿಂಗೇಶ್, ಸಿದ್ಧಲಿಂಗೇಶ್, ಎತ್ತುವುದಿಲ್ಲ, ಎತ್ತಲಾರೆ, ಹರ್ಷಿಣಿ ಉಗುರಿನಿಂದ ಲೇಬಲಿನ ಮೂಲೆ ಎಬ್ಬಿಸುತ್ತಿದ್ದಾಳೆ, ಮೆಲ್ಲಗೆ, ಹರಿಯದ ಹಾಗೆ, ಸುವರ್ಣ ಬಂತು, ಮ್ಮ ಬಂತು, ಪೂರ್ತಿ ಬಂತು, ಚೀಲ ಮೇಜಿನ ಮೇಲೆ, ತುಂಬಿದೆ, ಹೆಸರಿಲ್ಲ, ತುಂಬಿದೆ,